ಮಲಿಕಸಾಬನ ಕಾಲಸ್ಪರ್ಶ

ಅಂತರರಾಷ್ಟ್ರೀಯ ಹುಲಿಪಂಜ ಕರಾಟೆ ಸಂಘದ ಮುಖ್ಯ ಕಚೇರಿ ಇದ್ದದ್ದು ಸಿಂದಗಿಯ ಒಂದು ಹಳೆಯ ಶೇಂಗಾ ಗೋದಾಮಿನಲ್ಲಿ. ಅಂತರರಾಷ್ಟ್ರೀಯ ಎಂದು ಸುಮ್ಮಸುಮ್ಮನೆ ಬೋರ್ಡು ಬರೆಸಿರಲಿಲ್ಲ ಮತ್ತೆ. ಮಲಿಕಸಾಬನ ಕಾಕಾನ ಮಗ ನಬಿಲಾಲ ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದ. ರಜೆಗೆ ಬಂದಾಗ ಅವನಿಗೆ ಒಂದು ಚಹಾ ಕುಡಿಸಿ ವಿದೇಶ ಶಾಖೆಯ ಅಧ್ಯಕ್ಷನನ್ನಾಗಿ ಮಾಡಿದ್ದರು. ತಾನು ಅಧ್ಯಕ್ಷನಾದ ಸಂಗತಿ ಅವನ ಕಿವಿಗೆ ಎಷ್ಟು ಬಿತ್ತೋ ದೇವರೇ ಬಲ್ಲ, ಚಹಾ ಮಾತ್ರ ಪೂರ್ತಿ ಕುಡಿದು ಹೋದ.

ಅವು ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಟೂರಿಂಗ್ ಟಾಕೀಸಿಗೆ ಹಾಂಕಾಂಗಿನ ಹೊಡೆದಾಟದ ಚಿತ್ರವೊಂದು ಬಂದು ಹೋದದ್ದೇ ತಡ, ಊರಿನ ಪಡ್ಡೆಗಳೆಲ್ಲ ಗರಡಿಯ ಕೆಂಪು ಮಣ್ಣು ಬಿಟ್ಟು ಗಾಳಿಗೆ ಒದೆಯತೊಡಗಿದರು. ಗಾಳಿ ಬೀಸಿದಾಗಲೇ ತೂರಿಕೊಳ್ಳಬೇಕು ಎಂದು ಮೂವರು ಕೂಡಿ ಸಂಘ ಕಟ್ಟಿದರು. ಅಧ್ಯಕ್ಷ ಬಸಂತರಾಯ, ಬಸವನ ಬಾಗೇವಾಡಿಯ ಅಡತಿ ವ್ಯಾಪಾರಿ. ಗೊಳಸಂಗಿಯ ಕಡೆಯ ಹತ್ತಿ, ಶೇಂಗಾ ಬಂದು ಇಳಿಯುವುದು ಅವನ ಅಂಗಡಿಗೇ, ಸಿಂದಗಿಯ ಗೋದಾಮೂ ಅವನದೇ. ಎಲ್ಲ ಇದ್ದು ಹೆಸರೊಂದು ಇರಲಿಲ್ಲ ಎಂಬ ಕೊರಗು ಅವನಿಗೆ. ಕಾರ್ಯದರ್ಶಿ ಸಿದ್ರಾಮ ಮಾಸ್ತರ, ಮುದ್ದೇಬಿಹಾಳದವನು. ಸಾಲಿಯಲ್ಲಿ ಕಲಿಸಿದ್ದು ಎಂದೋ ಬಿಟ್ಟಿದ್ದ. ನಾಟಕ ಕಂಪನಿಗಳಿಗೆ ಹ್ಯಾಂಡ್‌ಬಿಲ್ ಬರೆದುಕೊಡುವುದು, ಮೈಕಿನಲ್ಲಿ ಕೂಗುವುದು ಅವನ ಹೊಟ್ಟೆಪಾಡು. ಮೂರನೆಯವನೇ ಮಲಿಕಸಾಬ. ಮಹಾಗುರು ಎಂಬ ಪದವಿ ಅವನದು. ಮೂವರಲ್ಲಿ ನಿಜವಾಗಿ ಕೈಕಾಲು ಆಡಿಸಲು ಬರುತ್ತಿದ್ದುದೂ ಅವನೊಬ್ಬನಿಗೇ.

ಮಲಿಕಸಾಬ ದೇವಣಗಾಂವದವನು. ಮೀಸೆ ಮೂಡುವ ವಯಸ್ಸಿಗೆ ಮುಂಬಯಿಗೆ ಓಡಿಹೋಗಿ ಒಂದು ಇರಾಣಿ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದವನು. ತೊಳೆಯುವ ಜಾಗ ಮಾಳಿಗೆಯ ಮೇಲಿತ್ತು. ಎದುರಿನ ಕಟ್ಟಡದಲ್ಲಿ ಯಾರೋ ಕರಾಟೆ ಕಲಿಸುತ್ತಿದ್ದರು, ಕಿಟಕಿ ಸದಾ ತೆರೆದೇ ಇರುತ್ತಿತ್ತು. ಕೈ ಸೋಪಿನ ನೀರಿನಲ್ಲಿ, ಕಣ್ಣು ಆ ಕಿಟಕಿಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ನೋಡಿದ. ನೋಡಿದ್ದನ್ನು ಹೋಟೆಲು ಮುಚ್ಚಿದ ಮೇಲೆ ಗಚ್ಚಿಯ ಮೇಲೆ ಮಾಡಿ ಮಾಡಿ ಮೈಗೆ ಹತ್ತಿಸಿಕೊಂಡ. ಹೀಗಾಗಿ ವಿದ್ಯೆ ಸುಳ್ಳಲ್ಲ, ಗುರು ಮಾತ್ರ ಇರಲಿಲ್ಲ. ಊರಿಗೆ ಬಂದು ಅಂಗೈಯ ಅಂಚಿನಿಂದ ಮಂಗಳೂರು ಹೆಂಚು ಒಡೆದು ತೋರಿಸಿದಾಗ ಸಿಂದಗಿ ಬಾಯಿ ತೆರೆದು ನಿಂತಿತು.

ಮುದ್ದೇಬಿಹಾಳ, ಬಾಗೇವಾಡಿ, ಇಂಡಿ, ಕೊನೆಗೆ ಸಿಂದಗಿ ಎಂದು ನಾಲ್ಕೂ ಕಡೆ ಪ್ರದರ್ಶನ ಮಾಡುವುದೆಂದು ಗೊತ್ತಾದಾಗ ಸಿದ್ರಾಮ ಮಾಸ್ತರ ನಾಯಕರ ಪರಿಚಯದ ಹ್ಯಾಂಡ್‌ಬಿಲ್ ಬರೆಯಲು ಕುಳಿತ.

"ಹಿನ್ನೆಲಿ ಇಲ್ಲದ ನಾಯಕನ್ನ ಯಾರ್ ನೋಡ್ತಾರಪಾ," ಎಂದ. "ಮೊದಲ ಹಿನ್ನೆಲಿ ಕಟ್ಟಬೇಕು."

ಕಟ್ಟಿದ. ಬಸಂತರಾಯ ಒಮ್ಮೆ ಬದರಿ ಯಾತ್ರೆಗೆ ಹೋದಾಗ ಬಸ್ಸಿನವನು ಒಂದು ಗುಡ್ಡ ತೋರಿಸಿ ಅದರಾಚೆ ಚೀನಾ ಎಂದಿದ್ದನಂತೆ. ಹ್ಯಾಂಡ್‌ಬಿಲ್ಲಿನಲ್ಲಿ ಅದು "ಚೀನಾ ಗಡಿಯಲ್ಲಿ ಸಮರಕಲೆಯ ಅಧ್ಯಯನ ನಡೆಸಿದ ಧೀಮಂತರು" ಎಂದಾಯಿತು. ಮಾಸ್ತರನೇ ಒಮ್ಮೆ ಜಪಾನಿನ ರೇಡಿಯೋ ಕಂಪನಿಯೊಂದಕ್ಕೆ ಪತ್ರ ಬರೆದು ಹಿಮದ ಬೆಟ್ಟದ ಚಿತ್ರವಿದ್ದ ಕ್ಯಾಲೆಂಡರು ತರಿಸಿಕೊಂಡಿದ್ದ. ಅದರಿಂದ "ಜಪಾನ್ ದೇಶದೊಂದಿಗೆ ನಿಕಟ ಸಂಪರ್ಕವುಳ್ಳವರು" ಆದ. ಮಲಿಕಸಾಬನ ಸರದಿ ಬಂದಾಗ ಮಾಸ್ತರನ ಕೈಗೆ ಲಗಾಮು ಉಳಿಯಲಿಲ್ಲ. ರಂಗೂನಿನ ಕಾಡಿನಲ್ಲಿ ವೃದ್ಧ ಸನ್ಯಾಸಿಯೊಬ್ಬನ ಬಳಿ ಹನ್ನೆರಡು ವರ್ಷ ತಪಸ್ಸು, ಕೊನೆಗೆ ಗುರು ಮೆಚ್ಚಿ ಕೊಟ್ಟ ಕಾಲಸ್ಪರ್ಶ. "ಮಹಾಗುರುಗಳು ಒಮ್ಮೆ ಎದೆ ಮುಟ್ಟಿದರೆ ಮುಟ್ಟಿಸಿಕೊಂಡವನು ಮುಂದಿನ ಅಮಾವಾಸ್ಯೆ ಕಾಣಲಾರ. ಗಾಯವಿಲ್ಲ, ರಕ್ತವಿಲ್ಲ, ಮದ್ದಿಲ್ಲ."

"ಮಾಸ್ತರ, ಇದೇನ್ರಿ ಕಾಲಸ್ಪರ್ಶ? ನಾ ಎಂದೂ ಕೇಳಿಲ್ಲ," ಎಂದ ಮಲಿಕಸಾಬ.

"ನಾನೂ ಕೇಳಿಲ್ಲ ಬಿಡು. ನಾಟಕಂದ್ರ ಒಂದ ವಿಷದ ಬಟ್ಟಲ ಬೇಕ ಬೇಕು. ಇಲ್ಲಂದ್ರ ಮಂದಿ ತಂಬಾಕ ತಿಕ್ಕೋತ ಮನ್ಯಾಗ ಕುಂದರ್ತಾರ."

ಸುಳ್ಳು ಯಾಕೆ ಹೇಳಬೇಕು, ಮಲಿಕಸಾಬನಿಗೂ ಒಳಗೊಳಗೆ ಹಿತವಾಗಿತ್ತು. ಜೀವಮಾನವಿಡೀ ಎಂಜಲು ಕಪ್ಪು ತೊಳೆದವನಿಗೆ ರಂಗೂನಿನ ಕಾಡು ಸಿಕ್ಕರೆ ಯಾರು ಬೇಡ ಎನ್ನುತ್ತಾರೆ? ಮನೆಗೆ ಹೋಗಿ ಹೆಂಡತಿ ಲಾಲಬಿಗೆ ಓದಿ ಹೇಳಿದ. ಅವಳು ಶಿಷ್ಯರಿಗಾಗಿ ಮಾದರಪಾಟಿನ ಒರಟು ಬಟ್ಟೆಯಲ್ಲಿ ಅಂಗಿ ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸದೇ ಹೇಳಿದಳು, "ಸಾವಿನ ಹೆಸರ ಹೇಳಿ ಹೊಟ್ಟಿ ತುಂಬಿಸ್ಕೊಬಾರ್ದ್ರಿ. ಅದು ಕರದಲ್ಲಿಗೆ ಬರತೈತಿ."

ಮುದ್ದೇಬಿಹಾಳದಲ್ಲಿ ಜನ ಗಿಡ ಹತ್ತಿ ನೋಡಿದರು. ಬಾಗೇವಾಡಿಯಲ್ಲಿ ಬಸಂತರಾಯನ ಕೊರಳು ಹಾರದಲ್ಲಿ ಮುಚ್ಚಿಹೋಯಿತು. ಅಲ್ಲಿಗೇ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಬಸ್ಸಿನ ಮೆಟ್ಟಿಲು ತಪ್ಪಿ ಬೀಳುವಾಗ ಮಲಿಕಸಾಬ ಎದೆಗೆ ಕೈ ಕೊಟ್ಟು ಹಿಡಿದಿದ್ದ. ಆ ಮುದುಕ ದಮ್ಮಿನ ರೋಗಿ, ಚಳಿಗೆ ಹಿಡಿದ ಕೆಮ್ಮು ಬಿಡದೆ ಅಮಾವಾಸ್ಯೆಯ ಹಿಂದಿನ ದಿನ ತೀರಿಕೊಂಡ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಟೊಂಗೆಯ ಮಾತು ಯಾರೂ ಆಡಲಿಲ್ಲ, ಎಲ್ಲರೂ ಕಾಗೆಯನ್ನೇ ನೋಡಿದರು.

ಸುದ್ದಿ ಮಲಿಕಸಾಬನಿಗಿಂತ ಮೊದಲೇ ಸಿಂದಗಿಗೆ ಬಂದಿತ್ತು. ಹೋಟೆಲಿನವನು ಚಹಾದ ಗ್ಲಾಸನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹಿಂದೆ ಸರಿದ. ಹಜಾಮ ಗದ್ದ ಹಿಡಿಯುವಾಗ ಉಸಿರು ಬಿಗಿಹಿಡಿದಿದ್ದ. ಮಸೀದಿಯಲ್ಲಿ ಇವನ ಎರಡೂ ಪಕ್ಕ ಜಾಗ ಬಿಟ್ಟು ನಿಲ್ಲತೊಡಗಿದರು. ಶಿಷ್ಯರ ತಾಯಂದಿರು ಒಂದೊಂದೇ ನೆವ ಹೇಳಿ ಮಕ್ಕಳನ್ನು ಬಿಡಿಸಿಕೊಂಡರು. ಲಾಲಬಿಯ ಜೊತೆ ನೀರಿಗೆ ಹೋಗುತ್ತಿದ್ದ ಖಾತುನಬಿ, ಹೊನ್ನವ್ವ ಈಗ ಅವಳು ಹೋಗಿ ಬಂದ ಮೇಲೆಯೇ ಹೊರಡುತ್ತಿದ್ದರು. ಮಲಿಕಸಾಬ ಓಣಿಯಲ್ಲಿ ಬಂದರೆ ಕೂಸುಗಳು ಆಟ ಬಿಟ್ಟು ಗೋಡೆಗೆ ಹತ್ತಿಕೊಳ್ಳುತ್ತಿದ್ದವು. ತನ್ನ ಕೈಯನ್ನು ಎಲ್ಲಿಡಬೇಕು ಎಂಬುದೇ ಅವನಿಗೆ ತಿಳಿಯದಾಯಿತು. ಕಿಸೆಯಲ್ಲಿ ಇಟ್ಟುಕೊಂಡು ನಡೆದರೆ ಜನ ಇನ್ನೂ ಹೆದರಿದರು.

ಹೀಗಿರುವಾಗ ಒಂದು ಮಧ್ಯಾಹ್ನ ರಾಚಪ್ಪಗೌಡನ ಜೀಪು ಗೋದಾಮಿನ ಮುಂದೆ ಬಂದು ನಿಂತಿತು. ರಾಚಪ್ಪಗೌಡ ಇಂಡಿ ತಾಲೂಕಿನವನು, ಭೀಮೆಯ ದಂಡೆಯ ಹಳ್ಳಿಯೊಂದರ ವಾಡೆಯ ಯಜಮಾನ. ಇಂಡಿಯ ಪ್ರದರ್ಶನಕ್ಕೆ ಪೆಂಡಾಲು, ಮೈಕು, ಊಟ ಎಲ್ಲ ತನ್ನದೇ ಎಂದು ಹೇಳಿ ಕಳಿಸಿದ್ದ. ಮಹಾಗುರುವಿಗೆ ಊಟಕ್ಕೆ ಕರೆ ಬಂದಿದೆ ಎಂದು ಮಲಿಕಸಾಬ ಒಗೆದ ಅಂಗಿ ಹಾಕಿಕೊಂಡು ಹೋದ.

ವಾಡೆಯಲ್ಲಿ ಊಟ ಚೆನ್ನಾಗಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಗೌಡ ಎದುರಿಗೆ ಕುಳಿತು ತಾನೇ ಬಡಿಸಿದ, ಹತ್ತಿರ ಬಂದು ಬಡಿಸಿದ. ಬಹಳ ದಿನಗಳಿಂದ ಇಷ್ಟು ಹತ್ತಿರ ಯಾರೂ ಬಂದಿರಲಿಲ್ಲವಾದ್ದರಿಂದ ಮಲಿಕಸಾಬನ ಕಣ್ಣು ತುಂಬಿತು. ಎಲೆಅಡಿಕೆಯ ತಟ್ಟೆ ಬಂದ ಮೇಲೆ ಗೌಡ ಆಳುಗಳನ್ನು ಹೊರಗೆ ಕಳಿಸಿ, ಅಡಿಕೆ ಕತ್ತರಿಸುತ್ತ ಮಾತು ತೆಗೆದ. ಅವನ ಕಾಕಾನ ಮಗ ಗುರಪ್ಪಗೌಡನ ಮಾತು. ಹೊಳೆಸಾಲಿನ ಹೊಲಕ್ಕಾಗಿ ಎರಡು ಮನೆಗೂ ಅಪ್ಪಂದಿರ ಕಾಲದ ಹಗೆ ಎಂಬುದು ಇಂಡಿಯ ಕಲ್ಲಿಗೂ ಗೊತ್ತಿತ್ತು.

"ಇಂಡ್ಯಾಗ ಗುರಪ್ಪನ್ನ ಮುಖ್ಯ ಅತಿಥಿ ಮಾಡೇನಿ," ಎಂದ ರಾಚಪ್ಪಗೌಡ. "ನೀ ಅವಂಗ ಮಾಲಿ ಹಾಕೂಮುಂದ ಎದಿಮ್ಯಾಲ ಕೈ ಇಡು. ಎಲ್ಲಾರಿಗೂ ಕಾಣೂಹಂಗ ಇಡು. ಅಷ್ಟ ನಿನ್ನ ಕೆಲಸ."

ಮಲಿಕಸಾಬ ಎಲೆಅಡಿಕೆಯ ತಟ್ಟೆ ದೂರ ಸರಿಸಿದ. ಕೈಮುಗಿದ. "ಗೌಡ್ರ, ಅದು ಖರೇ ಅಲ್ರಿ. ಸಿದ್ರಾಮ ಮಾಸ್ತರ ಬರದಿದ್ದು. ನಾ ಮುಂಬೈದಾಗ ಬಸಿ ತೊಳಿತಿದ್ದೆ. ನನ್ನ ಕೈಯಾಗ ಏನೂ ಇಲ್ರಿ."

ಗೌಡ ಮೆಲ್ಲಗೆ ನಕ್ಕ. "ಇಲ್ಲಂತ ನನಗ ಗೊತ್ತಿಲ್ಲೇನು? ನಾ ಏನ್ ಕೂಸ ಇದ್ದೇನು? ನಿನಗ ಗೊತ್ತೈತಿ, ನನಗ ಗೊತ್ತೈತಿ. ಮಂದಿಗಿ ಗೊತ್ತಿಲ್ಲ. ನನಗ ಅಷ್ಟ ಸಾಕು."

"ಮುಟ್ಟಿದಮ್ಯಾಲ ಏನಾಗತೈತ್ರಿ?"

"ಏನಾಗತೈತಿ? ಅಮಾಸಿ ಬರತೈತಿ," ಎಂದು ಗೌಡ ಅಡಿಕೆ ಬಾಯಿಗೆ ಹಾಕಿಕೊಂಡ.

ಮಲಿಕಸಾಬನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುರಪ್ಪಗೌಡನಿಗೆ ಇದ್ದಕ್ಕಿದ್ದಂತೆ ಏನಾದರೂ ಆದರೆ ಭೀಮೆಯ ದಂಡೆಯಲ್ಲಿ ಮೊದಲು ಬರುವ ಹೆಸರು ರಾಚಪ್ಪಗೌಡನದು. ಗುರಪ್ಪನ ಕಡೆಯವರು ಪೊಲೀಸರಿಗೆ ಕಾಯುವವರಲ್ಲ, ಹೆಣ ಏಳುವ ಮೊದಲೇ ಕೊಡಲಿ ಎತ್ತುವವರು. ಆದರೆ ಊಟದಲ್ಲಿ ಏನೋ ಬಿದ್ದು ಸತ್ತ ಮನುಷ್ಯನನ್ನು ಸಾವಿರ ಜನರೆದುರು ಮಹಾಗುರು ಮುಟ್ಟಿದ್ದ ಎಂದಾದರೆ ಊಟದ ಮಾತು ಯಾರು ಆಡುತ್ತಾರೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ತಾನು ಎಂದು ಮಲಿಕಸಾಬನಿಗೆ ತಿಳಿಯಿತು.

"ಅವರ ಮಂದಿ ನನ್ನ ಹುಡುಕ್ಕೊಂಡ ಬರ್ತಾರಲ್ರಿ," ಎಂದ ಸಣ್ಣ ದನಿಯಲ್ಲಿ.

"ನಿನ್ನ ಮೈ ಮುಟ್ಟಾಕ ಯಾರಿಗಿ ಧೈರ್ಯ ಐತೋ ಮಾರಾಯ?" ಗೌಡನಿಗೆ ತನ್ನ ಮಾತು ತನಗೇ ಸೊಗಸೆನಿಸಿತು. ಆಮೇಲೆ ಅದೇ ದನಿಯಲ್ಲಿ, ಮಳೆಬೆಳೆ ವಿಚಾರಿಸುವವನಂತೆ ಕೇಳಿದ. "ನಿನ್ನ ಮನಿಯಾಕಿ ಲಾಲಬಿ ಹೌದಲ್ಲ? ಮುಂಜಾನಿ ನೀರಿಗಿ ಒಬ್ಬಾಕೀನ ಹೋಗತಾಳಂತ. ಈಗ ಯಾರೂ ಜೋಡಿ ಹೋಗೂದಿಲ್ಲಂತ. ನಮ್ಮ ಹುಡುಗೂರು ಇಬ್ಬರು ಸಿಂದಗ್ಯಾಗ ಇರ್ತಾರ. ಆಕಿಮ್ಯಾಲ ಒಂದು ಕಣ್ಣಿಟ್ಟಿರ್ರಿ ಅಂತ ಹೇಳೇನಿ. ಕಾಲ ಸರಿಯಿಲ್ಲ ನೋಡು."

ಜೀಪು ಅವನನ್ನು ಮನೆಯವರೆಗೂ ತಂದುಬಿಟ್ಟಿತು. ಓಣಿಯ ತಿರುವಿನಲ್ಲಿ ಇಬ್ಬರು ಸೈಕಲ್ಲಿಗೆ ಒರಗಿ ಬೀಡಿ ಸೇದುತ್ತಿದ್ದರು. ಜೀಪು ನೋಡಿ ನಮಸ್ಕಾರ ಮಾಡಿದರು.

ಪೊಲೀಸರ ಬಳಿ ಹೋಗಲೇ ಎಂದು ಯೋಚಿಸಿದ. ಹೋಗಿ ಹೇಳುವುದೇನು? ಒಬ್ಬರನ್ನು ಮುಟ್ಟು ಎಂದು ಗೌಡರು ಹೇಳಿದ್ದಾರೆ ಎಂದೇ? ಲಾಲಬಿಗೆ, ಸ್ವಲ್ಪ ದಿನ ತವರಿಗೆ ಹೋಗಿರು ಎಂದ. ಅವಳು ಕತ್ತರಿ ಕೆಳಗಿಟ್ಟು ಅವನ ಮುಖ ನೋಡಿದಳು. "ಮಂದಿ ಮಾರಿ ತಿರುವಿದ್ರಂತ ಮನಿ ಬಿಟ್ಟ ಹೋಗಲೇನ್ರಿ? ಆಮ್ಯಾಲ ನಿಮ್ಮ ಜೋಡಿ ಮಾತಾಡಾಕ ಯಾರ್ ಉಳಿತಾರ?" ಎಂದಳು. ನಿಜ ಹೇಳಿದರೆ ಅವಳು ಎದೆಗುಂದುತ್ತಾಳೆ, ಹೇಳದಿದ್ದರೆ ಕೊಡ ಹೊತ್ತು ಒಬ್ಬಳೇ ಹೋಗುತ್ತಾಳೆ. ಮರುದಿನದಿಂದ ಕೊಡ ತಾನೇ ಹೊತ್ತು ನೀರು ತಂದ. ಓಣಿಯವರು ಅದಕ್ಕೂ ಒಂದು ಕಥೆ ಕಟ್ಟಿದರು.

ಸಿದ್ರಾಮ ಮಾಸ್ತರನನ್ನು ಹಿಡಿದು, ಇಂಡಿಯ ಮೈಕಿನಲ್ಲಿ ಕಾಲಸ್ಪರ್ಶ ಸುಳ್ಳು ಎಂದು ಕೂಗಿಬಿಡಿ ಎಂದು ಬೇಡಿಕೊಂಡ. ಯಾಕೆ ಎಂಬುದನ್ನು ಅವನಿಗೂ ಹೇಳುವಂತಿರಲಿಲ್ಲ. ಮಾಸ್ತರನ ಬಾಯಿಗೆ ಬಿದ್ದ ಗುಟ್ಟು ಸಂಜೆಗೆ ಬಾಗೇವಾಡಿ ಮುಟ್ಟುತ್ತಿತ್ತು.

"ಹುಚ್ಚಗಿಚ್ಚ ಹಿಡದೈತೇನು?" ಎಂದ ಮಾಸ್ತರ. "ಅದ ಒಂದ ಮಾತಿಗೆ ಮಂದಿ ಬರಾಕತ್ತಾರ. ಸುಳ್ಳಂದ್ರ ಬಸಂತರಾಯರ ಮಾರಿ ಎಲ್ಲಿ ಇಟ್ಕೋಬೇಕು? ಸುಮ್ಮನ ಹೆಂಚ ಒಡಿ."

ಉಳಿದದ್ದು ಒಂದೇ ದಾರಿ. ಗುರಪ್ಪಗೌಡನೇ ಅಂದು ಬರಬಾರದು. ಮಲಿಕಸಾಬ ಬಸ್ಸು ಹತ್ತಿ, ಇಳಿದು, ಹೊಲದ ಬದುವಿನ ಮೇಲೆ ನಡೆದು ಹೋದ. ಜೋಳ ಹಾಲುಗಟ್ಟುವ ಕಾಲ. ಗುರಪ್ಪಗೌಡ ಹಕ್ಕಿ ಕಾಯುವ ಮಂಚಿಗೆಯಿಂದ ಇಳಿದು ಬಂದು ಇವನನ್ನು ಗುರುತು ಹಿಡಿದ. ಎತ್ತರದ ಆಳು, ಗರಡಿಯಲ್ಲಿ ಬೆಳೆದ ಮೈ, ಮಾತಿಗೊಮ್ಮೆ ನಗುವ ಬಾಯಿ. ಸಿಹಿತೆನೆ ಸುಟ್ಟು ತಿಕ್ಕಿ ಅಂಗೈ ತುಂಬ ಕೊಟ್ಟ. ಕೊಡುವಾಗ ಬೆರಳು ತಾಗದಂತೆ ಎಚ್ಚರ ವಹಿಸಿದ್ದನ್ನು ಮಲಿಕಸಾಬ ಕಂಡ.

"ಇಂಡಿ ಕಾರ್ಯಕ್ರಮಕ್ಕ ಬರಬ್ಯಾಡ್ರಿ ಗೌಡ್ರ," ಎಂದ.

"ಯಾಕ?"

ಮಲಿಕಸಾಬ ಬಾಯಿ ತೆರೆದ. ಗೌಡನ ಹೆಗಲಾಚೆ ಬಂಡಿಜಾಡಿನ ಮೇಲೆ ಸೈಕಲ್ಲು ಆನಿಸಿ ಒಬ್ಬ ನಿಂತಿದ್ದ. ಓಣಿಯ ತಿರುವಿನವನೇ, ಆದರೆ ಒಬ್ಬನೇ. ಹಾಗಾದರೆ ಇನ್ನೊಬ್ಬ ಸಿಂದಗಿಯಲ್ಲೇ ಉಳಿದಿದ್ದ, ಲಾಲಬಿ ಇರುವಲ್ಲಿ.

"ರಾಚಪ್ಪ ಹೇಳಿ ಕಳಿಸ್ಯಾನೇನು?" ಗುರಪ್ಪಗೌಡನ ನಗು ನಿಂತಿತ್ತು.

ಹೌದೆಂದರೆ ಇವತ್ತೇ ಕೊಡಲಿ ಹೊರಬೀಳುತ್ತವೆ, ಸುದ್ದಿ ಸಿಂದಗಿಗೆ ಓಡುತ್ತದೆ. ಬಿಸಿತುಪ್ಪ ಬಾಯಲ್ಲಿ ತುಂಬಿಕೊಂಡವನ ಗತಿ ಅವನದು, ನುಂಗುವಂತಿಲ್ಲ, ಉಗುಳುವಂತಿಲ್ಲ. "ಇಲ್ರಿ. ನನ್ನಷ್ಟಕ್ಕ ನಾನ ಹೇಳಾಕತ್ತೇನಿ," ಎಂದ.

"ಹಂಗಾರ ಬಂದ ಬರ್ತೇನಿ. ಬರಬ್ಯಾಡ ಅಂದಲ್ಲಿ ಹೋಗದಿದ್ರ ನಾ ಈ ಹೊಳಿ ನೀರ ಕುಡದೇನ್ ಬಂತೋ?"

ಆ ಸೀಮೆಯ ಮನುಷ್ಯನಿಗೆ ಬಾ ಎಂದರೆ ಒಮ್ಮೆ ಬಾರದೇ ಇದ್ದಾನು, ಬರಬೇಡ ಎಂದರೆ ಹೆಣವಾದರೂ ಬರುತ್ತಾನೆ. ದೇವಣಗಾಂವದಲ್ಲಿ ಹುಟ್ಟಿ, ಅದೇ ಭೀಮೆಯ ನೀರು ಕುಡಿದ ಮಲಿಕಸಾಬನಿಗೆ ಇಷ್ಟು ತಿಳಿಯಬಾರದಿತ್ತೇ? ಭಯ ಬಿದ್ದವನ ಬುದ್ಧಿ ಊರು ಮರೆಯುತ್ತದೆ.

ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ಅವನಿಗೆ ಹೊಳೆಯಿತು. ಸುಳ್ಳು ಇರುವವರೆಗೆ ತಾನೇ ರಾಚಪ್ಪಗೌಡನಿಗೆ ಮರೆ? ಸಾವಿರ ಜನರ ಎದುರು ತನ್ನ ಬಾಯಿಂದಲೇ, ನಾನು ಬಸಿ ತೊಳೆದವನು, ನನ್ನ ಮುಟ್ಟಿಗೆ ಒಂದು ಇರುವೆಯೂ ಸಾಯುವುದಿಲ್ಲ ಎಂದುಬಿಟ್ಟರೆ? ಗೌಡನ ಹೆಸರೂ ಎತ್ತಬೇಕಾಗಿಲ್ಲ, ಅವನಿಗೆ ಸಿಟ್ಟಾಗಲು ಮೇಲುನೋಟಕ್ಕೆ ಕಾರಣವೂ ಇಲ್ಲ. ಕಾಲಸ್ಪರ್ಶ ಸತ್ತರೆ ಗುರಪ್ಪಗೌಡ ಉಳಿಯುತ್ತಾನೆ. ಮರೆಯಿಲ್ಲದೆ ಕೈ ಎತ್ತುವ ಧೈರ್ಯ ರಾಚಪ್ಪನಿಗಿಲ್ಲ, ಇದ್ದಿದ್ದರೆ ಕೋಲು ಹುಡುಕುತ್ತಿರಲಿಲ್ಲ. ಸಂಘ ಮುಳುಗುತ್ತದೆ, ಮುಳುಗಲಿ. ಜನ ಕಲ್ಲು ಹೊಡೆಯುತ್ತಾರೆ, ಹೊಡೆಯಲಿ. ಕಪ್ಪು ತೊಳೆಯುವ ಹೋಟೆಲುಗಳು ದೇಶದಲ್ಲಿ ಇನ್ನೂ ಇವೆ. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಇಂಡಿಯ ಸಂತೆ ಬಯಲಿನಲ್ಲಿ ಹೊತ್ತು ಇಳಿಯುವ ಮೊದಲೇ ಜನ ಕಿಕ್ಕಿರಿದರು. ಸುತ್ತಲ ಹಳ್ಳಿಗಳ ಬಂಡಿಗಳೆಲ್ಲ ಅಲ್ಲೇ. ಮುಂದಿನ ಸಾಲಿನಲ್ಲಿ ರಾಚಪ್ಪಗೌಡ ಬಿಳಿ ರುಮಾಲು ಸುತ್ತಿ ಕುಳಿತಿದ್ದ. ಅವನ ಹಿಂದೆ ಅವನ ಜನ. ವೇದಿಕೆಯ ಮೇಲೆ ಬಸಂತರಾಯ, ಅವನ ಪಕ್ಕದಲ್ಲಿ ಮುಖ್ಯ ಅತಿಥಿ ಗುರಪ್ಪಗೌಡ, ಕಾಲ ಮೇಲೆ ಕಾಲು ಹಾಕಿ. ಕಾರ್ಯಕ್ರಮ ಶುರುವಾಗುವ ಮೊದಲು ಸೈಕಲ್ಲಿನವನು ಹತ್ತಿರ ಬಂದು, "ಅಕ್ಕಾರು ಮನ್ಯಾಗ ಆರಾಮ ಅದಾರ್ರಿ," ಎಂದು ಹೇಳಿ ಹೋದ.

ಮಲಿಕಸಾಬ ಹೆಂಚು ಒಡೆದ, ಗಾಳಿಯಲ್ಲಿ ತಿರುಗಿ ಒದ್ದ. ಬಯಲು ಉಸಿರು ಹಿಡಿದು ನೋಡಿತು. ಆಮೇಲೆ ಸಿದ್ರಾಮ ಮಾಸ್ತರ ಮಾಲೆಯ ತಟ್ಟೆ ತಂದು ಹಿಡಿದ. "ಈಗ ಮಹಾಗುರುಗಳು ತಮ್ಮ ಅಮೃತಹಸ್ತದಿಂದ ಮುಖ್ಯ ಅತಿಥಿಗಳಿಗೆ..."

ಮಲಿಕಸಾಬ ಮಾಲೆ ಮುಟ್ಟಲಿಲ್ಲ. ಮಾಸ್ತರನನ್ನು ಸರಿಸಿ ಮೈಕಿನ ಮುಂದೆ ನಿಂತ.

"ಹಿರಿಯಾರ, ನಿಮ್ಮೆಲ್ಲಾರಿಗೂ ಒಂದ ಮಾತ ಹೇಳಬೇಕಾಗೈತ್ರಿ. ನಾ ರಂಗೂನ್ ಕಂಡಾಂವ ಅಲ್ಲ. ನನಗ ಗುರು ಇಲ್ಲ. ಮುಂಬೈದಾಗ ಹೋಟೆಲಿನ್ಯಾಗ ಎಂಜಲ ಬಸಿ ತೊಳಿತಿದ್ದೆ. ಎದುರಿಗಿನ ಕಿಡಕ್ಯಾಗ ಕಂಡಿದ್ದ ನನ್ನ ವಿದ್ಯಾ. ಕಾಲಸ್ಪರ್ಶ ಅನ್ನೂದು ಸುಳ್ಳು. ನನ್ನ ಕೈ ಮುಟ್ಟಿದ್ರ ಯಾರೂ ಸಾಯೂದಿಲ್ಲ. ಯಾರರ ಸತ್ರ ಅದು ಬ್ಯಾರೆ ಯಾರೋ ಮಾಡಿದ್ದು ಅಂತ ತಿಳೀರಿ. ನಾ ಭಾಳ ಸಣ್ಣ ಮನಿಷಾ. ನನ್ನಕಿಂತ ಸಣ್ಣಾಂವ ಈ ಬಯಲಾಗ ಯಾರೂ ಇಲ್ರಿ."

ಬಸಂತರಾಯ ಕುರ್ಚಿಯ ತೋಳು ಹಿಡಿದುಕೊಂಡ. ರಾಚಪ್ಪಗೌಡನ ಬಾಯಿ ಎಲೆ ಜಗಿಯುವುದನ್ನು ನಿಲ್ಲಿಸಿತು. ಮಲಿಕಸಾಬ ಕಣ್ಣು ಮುಚ್ಚಿ ಮೊದಲ ಕಲ್ಲಿಗಾಗಿ ಕಾದ.

ಕಲ್ಲು ಬರಲಿಲ್ಲ. ಮುಂದೆ ಕುಳಿತಿದ್ದ ಒಬ್ಬ ಮುದುಕ ಎದ್ದು ನಿಂತು ತಲೆಯ ಮೇಲೆ ಕೈ ಜೋಡಿಸಿದ. "ಶರಣಪ್ಪಾ ಇಂವ. ತುಂಬಿದ ಕೊಡ," ಎಂದ. ಅವನ ಹಿಂದೆ ಇನ್ನೊಬ್ಬ ಎದ್ದ. ಎಷ್ಟೋ ತಲೆಮಾರಿನಿಂದ ಆ ನೆಲದ ಜನ ಒಂದೇ ಪಾಠ ಕಲಿತಿದ್ದರು. ತಾನು ದೊಡ್ಡವನು ಎಂದವನು ಪೊಳ್ಳು, ತನಗಿಂತ ಕಿರಿಯರಿಲ್ಲ ಎಂದವನು ಸಿದ್ಧಪುರುಷ. ರಂಗೂನಿನ ಮಾತನ್ನು ಹ್ಯಾಂಡ್‌ಬಿಲ್ಲಿನಲ್ಲಿ ಓದಿ ಅರ್ಧ ನಂಬಿದ್ದವರು ಈಗ ಎಂಜಲು ಬಸಿಯ ಮಾತು ಕೇಳಿ ಪೂರ್ತಿ ನಂಬಿದರು.

ಸಿದ್ರಾಮ ಮಾಸ್ತರನಿಗೆ ಹೋದ ಜೀವ ಬಂದಿತ್ತು. ಮೈಕು ಕಸಿದುಕೊಂಡ. "ಮಹಾಜನರೇ, ವಿನಯ ಎಂದರೆ ಇದು. ಸಿದ್ಧಿ ಪಡೆದವರು ಸಿದ್ಧಿಯನ್ನು ಬಚ್ಚಿಡುತ್ತಾರೆ. ಅಂಥ ಕೈಯನ್ನು ಕಟ್ಟಿಕೊಂಡು ನಮ್ಮ ನಡುವೆ ಬಾಳುವ ಮಹಾತ್ಮರು ಇವರು..."

"ಇಲ್ರಿ, ಖರೇನ ಹೇಳಾಕತ್ತೇನಿ," ಎಂದು ಮಲಿಕಸಾಬ ಕೂಗಿದ. ಚಪ್ಪಾಳೆಯಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದ. ಜನ ಅದನ್ನು ಆಶೀರ್ವಾದ ಎಂದುಕೊಂಡು ತಲೆ ಬಾಗಿಸಿದರು.

ಆಗ ಗುರಪ್ಪಗೌಡ ಕುರ್ಚಿಯಿಂದ ಎದ್ದ. ಜನ ಏನು ತಿಳಿದರೋ, ಅವನು ಮಾತ್ರ ಸರಿಯಾಗಿ ತಿಳಿದಿದ್ದ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ತನ್ನ ಮುಂದೆ ಸುಳ್ಳುಗಾರನಾಗಿ ನಿಲ್ಲಲು ನಾಚಿಯೇ ಅಂದು ಹೊಲದವರೆಗೆ ನಡೆದು ಬಂದು ಬರಬೇಡಿ ಎಂದಿರಬೇಕು ಎಂದುಕೊಂಡ. ಇಂಥವನ ಕೈಗೆ ಸಿಹಿತೆನೆ ಕೊಡುವಾಗ ಬೆರಳು ತಾಗಿಸದೆ ಕೊಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹೊಳೆಸಾಲಿನ ಗೌ‍ಡ ಒಮ್ಮೆ ನಾಚಿದರೆ ಅದನ್ನು ಬಚ್ಚಿಟ್ಟುಕೊಳ್ಳುವವನಲ್ಲ. ತೋಳು ಚಾಚಿ ವೇದಿಕೆಯ ನಡುವೆ ಬಂದ.

ಮಲಿಕಸಾಬ ಹಿಂದೆ ಹೆಜ್ಜೆಯಿಟ್ಟ. "ಬ್ಯಾಡ್ರಿ ಗೌಡ್ರ. ನನ್ನ ಮುಟ್ಟಬ್ಯಾಡ್ರಿ."

"ಯಾಕ ಮುಟ್ಟಬಾರ್ದು? ಊರಾನ ಮಂದಿ ಅಂಜ್ಯಾರಂತ ನಾನೂ ಅಂಜಲೇನು?"

ಮಲಿಕಸಾಬ ಇನ್ನೂ ಹಿಂದೆ ಸರಿದ. ಬೆನ್ನಿಗೆ ಪೆಂಡಾಲಿನ ಕಂಬ ತಾಗಿತು. ಗುರಪ್ಪಗೌಡ ಅವನನ್ನು ಎರಡೂ ತೋಳಿನಲ್ಲಿ ಸೆಳೆದು, ಗರಡಿಯವರು ಅಪ್ಪುವಂತೆ ಎದೆಗೆ ಎದೆ ಹಚ್ಚಿ ಬಿಗಿಯಾಗಿ ಅಪ್ಪಿಕೊಂಡ. ಬಿಡಿಸಿಕೊಳ್ಳಲು ಮಲಿಕಸಾಬ ಎತ್ತಿದ ಕೈ ಅವನ ಎದೆಯ ಮೇಲೆಯೇ ಸಿಕ್ಕಿಕೊಂಡಿತು, ಅಂಗೈ ಬಿಚ್ಚಿ. ಹಿಂದಿನ ಸಾಲಿನವರೂ ನೋಡಲೆಂದು ಎದ್ದು ನಿಂತರು.

"ನಿನ್ನಂಥಾ ಖರೇ ಮನಿಷಾನ್ನ ನಾ ನೋಡಿಲ್ಲೋ ಸಾಬಾ," ಎಂದ ಗುರಪ್ಪಗೌಡ ಅವನ ಕಿವಿಯಲ್ಲಿ. ದನಿ ತುಂಬಿ ಬಂದಿತ್ತು. "ಎಳ್ಳಮಾಸಿಗಿ ನಿನ್ನ ಹೇಣ್ತಿನ್ನ ಕರಕೊಂಡ ನಮ್ಮ ಹೊಲಕ್ಕ ಬಾ. ಭೂಮಿತಾಯಿಗಿ ಚರಗಾ ಚೆಲ್ಲಿ ಎಲ್ಲಾರೂ ಕೂಡಿ ಉಣ್ಣೂಣು."

ಮುಂದೆ ಬರುವ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ. ಮಲಿಕಸಾಬನ ಅಂಗೈಯ ಕೆಳಗೆ ಆ ಮನುಷ್ಯನ ಎದೆ ಗಟ್ಟಿಯಾಗಿ, ನೆಟ್ಟಗೆ ಬಡಿದುಕೊಳ್ಳುತ್ತಿತ್ತು. ಯಾರ ಕೈಯ ಊಟವನ್ನೂ ಉಣ್ಣಬೇಡಿ ಎಂದು ಹೇಳಲು ಬಾಯಿ ತೆರೆದ. ಸಿಂದಗಿಯಲ್ಲಿ ಒಬ್ಬಳೇ ಇರುವ ಲಾಲಬಿಯ ನೆನಪಾಗಿ ಬಾಯಿ ಮುಚ್ಚಿದ. ಗುರಪ್ಪಗೌಡನ ಹೆಗಲ ಮೇಲಿಂದ ಇಡೀ ಬಯಲು ಅವನಿಗೆ ಕಾಣುತ್ತಿತ್ತು.

ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ರಾಚಪ್ಪಗೌಡ. ಅವನನ್ನು ನೋಡಿ ಉಳಿದವರೂ ತಟ್ಟಿದರು.